ಅಕ್ಕಡಿಗೆ ಜಾಗ ಬಿಡದ ಸಾಲುಗಳು

ನನ್ನ ಸ್ವಭಾವದಲ್ಲಿ ಎರಡು ದೋಷಗಳಿವೆ. ಒಂದು, ಹಿಡಿದದ್ದನ್ನು ಬಿಡುವುದಿಲ್ಲ. ಇನ್ನೊಂದು, ಕಾಗದ ದಂಡ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಸವಣೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ಈ ಎರಡೂ ಸೇರಿ ನನ್ನನ್ನು ಒಳ್ಳೆಯ ಪೇಚಿಗೆ ಸಿಕ್ಕಿಸಿದವು.

ಸರಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂದಿತ್ತು. ಕಂಪ್ಯೂಟರ್ ಅಂದರೆ ಒಂದು ಕೀಲಿಮಣೆ, ಅದಕ್ಕೆ ಹೊಂದಿಸಿದ ಸಣ್ಣ ಟಿ.ವಿ., ಬರೆದದ್ದನ್ನು ಉಳಿಸಿಡಲು ಒಂದು ಟೇಪ್ ರೆಕಾರ್ಡರು. ಹೆಡ್‌ಮಾಸ್ತರರು ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಅದಕ್ಕೆ ಭಕ್ತಿಯಿಂದ ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದು, ಹಳೆಯ ಮೇಜುಬಟ್ಟೆ ಹೊದಿಸಿ ಕೋಣೆಗೆ ಬೀಗ ಜಡಿದರು. ಕೀಲಿ ಅವರ ಜನಿವಾರದಷ್ಟೇ ಭದ್ರವಾಗಿ ಅವರ ಮೈಮೇಲೆ ಉಳಿಯಿತು. ಅರ್ಧ ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಧಾರವಾಡದಲ್ಲಿ ಹತ್ತು ದಿನ ತರಬೇತಿ ಮುಗಿಸಿ ಬಂದವಳು ನಾನೊಬ್ಬಳೇ. ದಿನಾ ಬೆಳಿಗ್ಗೆ ಅವರ ಮೇಜಿನ ಮುಂದೆ ನಿಂತು ಕೀಲಿ ಕೇಳುತ್ತಿದ್ದೆ. ಅವರು ದಿನಾ "ನಾಳೆ ನೋಡೂಣಂತ ಅಕ್ಕಾರ" ಅನ್ನುತ್ತಿದ್ದರು. ಒಂದು ತಿಂಗಳ ಮೇಲೆ ನನ್ನ ಮುಖ ನೋಡುವುದೇ ಸಾಕಾಗಿ ದಿನಕ್ಕೊಂದು ತಾಸು ಕೊಡತೊಡಗಿದರು, ತಾಸು ಮುಗಿದೊಡನೆ ವಾಪಸು ಇಸಿದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಕುಂಕುಮ ಕೀಲಿಮಣೆಯ ಸಂದಿಗೆ ಇಳಿದು 'ಎಸ್' ಗುಂಡಿ ಒತ್ತಿದರೆ ಮೇಲೇಳುತ್ತಿರಲಿಲ್ಲ. ಉಗುರಿನಿಂದ ಎತ್ತಬೇಕಾಗುತ್ತಿತ್ತು.

ಪ್ರೋಗ್ರಾಂ ಬರೆಯುವ, ತಿದ್ದುವ ವ್ಯವಸ್ಥೆಗೆ ಎಡಿಟರ್ ಅನ್ನುತ್ತಾರೆ. ನಮ್ಮ ಯಂತ್ರದ ಎಡಿಟರ್ ಬಡವರ ಮನೆಯ ಊಟದ ಹಾಗಿತ್ತು. ಹೊಟ್ಟೆ ತುಂಬುತ್ತಿತ್ತು, ಎರಡನೆಯ ಪಲ್ಯ ಕೇಳುವಂತಿರಲಿಲ್ಲ. ಪ್ರತಿ ಸಾಲಿಗೂ ಮುಂದೆ ಒಂದು ಸಂಖ್ಯೆ ಹಾಕಬೇಕು. ಯಂತ್ರ ಆ ಸಂಖ್ಯೆಗಳ ಕ್ರಮದಲ್ಲಿ ಒಂದೊಂದೇ ಸಾಲು ಓದಿ ಕೆಲಸ ಮಾಡುತ್ತದೆ. ನಡುವೆ ಹೊಸ ಸಾಲು ಸೇರಿಸಬೇಕಾದರೆ ನಡುವಿನ ಸಂಖ್ಯೆ ಕೊಟ್ಟು ಬರೆದರಾಯಿತು, ಅದು ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. ಅದಕ್ಕಾಗಿಯೇ ಜೊತೆಗೆ ಬಂದ ಪುಸ್ತಕದಲ್ಲಿ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಅಂತ ಸಂಖ್ಯೆ ಹಾಕಿರೆಂದು ಹೇಳಿತ್ತು. ನಾನು ಓದಿ ಮೂಗು ಮುರಿದೆ. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಒಂಬತ್ತು ಸಂಖ್ಯೆ ಸುಮ್ಮನೆ ದಂಡ! ನನ್ನ ಹುಡುಗಿಯರಿಗೆ ಒಂದು, ಎರಡು, ಮೂರು ಅಂತ ಬರೆಯಲು ಹೇಳಿದೆ. ಒಂದು ಸಾಲು ಅಳಿಸಿದರೆ ಆ ಸಂಖ್ಯೆಯಲ್ಲಿ ಇನ್ನೊಂದು ಸಾಲು ತುಂಬಲೇಬೇಕು ಎಂದು ಕಟ್ಟಪ್ಪಣೆಯನ್ನೂ ಮಾಡಿದೆ.

ಈ ಬುದ್ಧಿ ಎಲ್ಲಿಂದ ಬಂತೆಂದರೆ ದುಂಡಸಿಯ ನಮ್ಮ ಮನೆಯಿಂದ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಶಾಲೆಗೆ ಹೋಗುತ್ತಿದ್ದೆ. ಅಪ್ಪ ದೊಡ್ಡವನಾದ ಮೇಲೆ ಅಕ್ಷರ ಕಲಿತವನು. ಎರಡೆಕರೆ ಹೊಲ, ಗೋಡೆಯ ಮೇಲೆ ಬುದ್ಧನ ಒಂದು ಪಟ, ಮತ್ತು ಮಗಳು ಓದಲೇಬೇಕೆಂಬ ಹಟ, ಇವಿಷ್ಟು ಅವನ ಆಸ್ತಿ. ಶಿಗ್ಗಾವಿಯ ಕಚೇರಿಗಳಲ್ಲಿ ಬಿಸಾಡಿದ, ಒಂದು ಮಗ್ಗುಲು ಖಾಲಿ ಇರುವ ಹಾಳೆಗಳನ್ನು ಕೇಳಿ ತಂದು, ದಬ್ಬಣದಿಂದ ಹೊಲಿದು ನನಗೆ ನೋಟ್‌ಬುಕ್ ಮಾಡಿಕೊಡುತ್ತಿದ್ದ. ಅದರಲ್ಲಿ ಒಂದು ಸಾಲು ಖಾಲಿ ಬಿಟ್ಟರೆ ಕೆಂಡವಾಗುತ್ತಿದ್ದ.

"ಖಾಲಿ ಸಾಲು ಬಿಡೂದಂದ್ರ ಗಂಗಾಳದಾಗ ಅನ್ನ ಬಿಟ್ಟಂಗ, ಮಗಳ."

ನಾನು ಅಂಚಿನಲ್ಲಿ, ಮೇಲೆ, ಕೆಳಗೆ, ಹೊಲಿಗೆಯ ಸಂದಿಯಲ್ಲೂ ಬರೆದು ಕಲಿತವಳು. ಹಿರೇಕೆರೂರಿನಲ್ಲಿ ನನಗೆ ಮೊದಲ ನೌಕರಿ ಸಿಕ್ಕ ವರ್ಷವೇ ಅಪ್ಪ ತೀರಿಕೊಂಡ. ಅಲ್ಲಿ ಸೀಮೆಸುಣ್ಣದ ಬೆರಳ ತುದಿಯಷ್ಟು ತುಂಡನ್ನೂ ಬಿಸಾಡದೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಉಳಿದ ಮಾಸ್ತರರು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಸವಣೂರಿಗೆ ವರ್ಗವಾದಾಗ ಅವ್ವನನ್ನೂ ಜೊತೆಗೆ ಕರೆತಂದೆ, ಖಾಲಿ ಸಾಲಿನ ಸಿಟ್ಟನ್ನೂ ತಂದೆ.

ಒಂಬತ್ತನೆಯ ಇಯತ್ತೆಯ ಆರು ಹುಡುಗಿಯರು ನನ್ನ ಕಂಪ್ಯೂಟರ್ ತಂಡ. ಅವರೆಲ್ಲರಿಗೂ ಕಸೂತಿ ಬರುತ್ತಿತ್ತು. ಬಟ್ಟೆಯ ಎಳೆ ಎಣಿಸಿ ಹೊಲಿಯುವವರಿಗೆ ಪರದೆಯ ಚುಕ್ಕಿ ಎಣಿಸುವುದು ಏನು ಕಷ್ಟ? ಕಸೂತಿಯ ಗೋಪುರವನ್ನು ಟಿ.ವಿ. ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಂ ಬರೆಯಲು ಕೂತರು. ದಿನಕ್ಕೆ ಸಿಗುತ್ತಿದ್ದದ್ದು ಒಂದೇ ತಾಸು. ಹಿಂದಿನ ಓಣಿಯ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಕೂಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಟೇಪಿಗೆ ಉಳಿಸದೆ ಇದ್ದದ್ದೆಲ್ಲ ಅದರ ಜೊತೆಗೇ ಹೋಗುತ್ತಿತ್ತು. ಹೀಗೆ ಎರಡು ತಿಂಗಳು ಗುದ್ದಾಡಿ ನೂರ ನಲವತ್ತಮೂರು ಸಾಲು ಬರೆದರು. ಒಂದರಿಂದ ನೂರ ನಲವತ್ತಮೂರು, ಒಂದು ಸಂಖ್ಯೆಯೂ ತಪ್ಪಿಲ್ಲ. ನೋಡಿ ನನ್ನ ಎದೆ ಉಬ್ಬಿತು. ಅಪ್ಪ ಇದ್ದಿದ್ದರೆ ಅವನ ಎದೆಯೂ ಉಬ್ಬುತ್ತಿತ್ತು.

ಅದೇ ವಾರ ಧಾರವಾಡದಿಂದ ಪತ್ರ ಬಂತು. ಇಲಾಖೆಯ ಸಾಹೇಬರು ಮುಂದಿನ ಶುಕ್ರವಾರ ಪರಿಶೀಲನೆಗೆ ಬರುತ್ತಾರೆ. ಮಕ್ಕಳು ತಾವೇ ಬರೆದ ಪ್ರೋಗ್ರಾಂ ತೋರಿಸಬೇಕು, ಹೇಳಿದ ಬದಲಾವಣೆಯನ್ನು ಅವರೆದುರಿಗೇ ಮಾಡಬೇಕು. ಯಂತ್ರ ಬಳಕೆಯಲ್ಲಿಲ್ಲವೆಂದು ಕಂಡುಬಂದರೆ ಅದನ್ನು ಬೇರೆ ಊರಿನ ಶಾಲೆಗೆ ವರ್ಗಾಯಿಸಲಾಗುವುದು.

ಪತ್ರ ಓದಿದ ಹೆಡ್‌ಮಾಸ್ತರರ ಮುಖದಲ್ಲಿ ಅಂಥ ದುಃಖವೇನೂ ಕಾಣಲಿಲ್ಲ. ಒಂದು ಬೀಗ ಕಾಯುವ ಕೆಲಸ ತಪ್ಪುತ್ತಿತ್ತಲ್ಲ! ನನಗೆ ಮಾತ್ರ ಬಾಯಿಗೆ ಬಂದ ತುತ್ತು ಯಾರೋ ಕಸಿಯುತ್ತಿದ್ದಾರೆ ಅನ್ನಿಸಿತು. ಈ ಹುಡುಗಿಯರು ಇಂಥದೊಂದು ಯಂತ್ರವನ್ನು ಮತ್ತೆಲ್ಲಿ ಮುಟ್ಟಬೇಕು? ಅದನ್ನು ಇಲ್ಲಿಂದ ಅಲ್ಲಾಡಲು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

ಆ ದಿನದ ತಾಸಿನಲ್ಲಿ ತಂಡದ ಹುಡುಗಿಯೊಬ್ಬಳು, ಊರಾಚೆಯ ಎಲೆತೋಟದವರ ಮಗಳು, ಪರದೆ ನೋಡುತ್ತ ತಲೆ ಕೆರೆದುಕೊಂಡಳು.

"ಅಕ್ಕಾರ, ಗೋಪುರಕ್ಕ ನಡುವ ಮೆಟ್ಟಲಾ ಹಾಕೂದು ಮರತೇವ್ರಿ."

"ಹಾಕ್ರಿ. ಅದಕ್ಕೇನು?"

"ಎಲ್ಲಿ ಹಾಕೂದ್ರಿ? ಮೂವತ್ತಾರು ಆದ ಮ್ಯಾಲೆ ಮೂವತ್ತೇಳ ಐತಿ. ನಡುವ ಜಾಗಾನ ಇಲ್ಲ."

ಮೂವತ್ತೇಳರಿಂದ ನೂರ ನಲವತ್ತಮೂರರವರೆಗೆ ಎಲ್ಲವನ್ನೂ ಹೊಸ ಸಂಖ್ಯೆಯಲ್ಲಿ ಮತ್ತೆ ಬರೆಯಬೇಕು. ಅಂಟಿಕೊಂಡ 'ಎಸ್' ಗುಂಡಿಯ ಜೊತೆ ಅದು ವಾರಗಳ ಕೆಲಸ. ಹಾಗೆ ಬರೆದರೂ ಸಾಹೇಬರು ಇನ್ನೊಂದು ಸಾಲು ಸೇರಿಸಿ ಅಂದರೆ ಮತ್ತೆ ಅದೇ ಹಾಡು. ನಾನು ಮೊದಲು ಯಂತ್ರವನ್ನು ಬೈದೆ, ಮೆಟ್ಟಿಲು ಮರೆತದ್ದಕ್ಕೆ ಹುಡುಗಿಯರನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಪುಸ್ತಕದ ಮಾತು ಮೀರಿದವಳು ನಾನು ಎಂದು ಅವರಿಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಸಂಜೆ ಮನೆಯಲ್ಲಿ ಅವ್ವ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಮೊರದ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳಿಗೆ ಕಂಪ್ಯೂಟರ್ ಅಂದರೆ ಏನೆಂದು ಗೊತ್ತಿರಲಿಲ್ಲ, ಸಾಲು ಅಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ಅಂದ್ರ ಅಕ್ಕಡಿಗೆ ಜಾಗಾ ಬಿಡದ ಬಿತ್ತೀದಿ," ಅಂದಳು.

ನಮ್ಮ ಕಡೆ ಶೇಂಗಾ ಬಿತ್ತುವಾಗ ಇಂತಿಷ್ಟು ಸಾಲಿಗೆ ಒಂದು ಸಾಲು ಬೇರೆ ಕಾಳಿಗೆಂದು ಬಿಡುತ್ತಾರೆ. ಅದು ಅಕ್ಕಡಿ. ಅದಕ್ಕೆಂದು ಬೇರೆ ಕೂರಿಗೆ ಹೂಡುವುದಿಲ್ಲ. ಇದ್ದ ಕೂರಿಗೆಯ ಹಿಂದೆ ಹಗ್ಗದಿಂದ ಒಂದು ಒಂಟಿ ಬಿದಿರಿನ ಕೊಳವೆ ಕಟ್ಟಿರುತ್ತಾರೆ. ಅಪ್ಪ ಎತ್ತು ಹೊಡೆಯುತ್ತ ಮುಂದೆ ಹೋದರೆ ಅವ್ವ ಆ ಕೊಳವೆ ಹಿಡಿದು, ಉಡಿಯಿಂದ ತೊಗರಿ ಕಾಳು ಬಿಡುತ್ತ ಹಿಂದೆ ನಡೆಯುತ್ತಿದ್ದಳು. ಮನೆಗೆ ವರ್ಷದ ಬೇಳೆ ಬರುತ್ತಿದ್ದದ್ದು ಆ ಸಾಲಿನಿಂದ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಿಡದ ಅಪ್ಪ ಹೊಲದಲ್ಲಿ ಬಿಡುತ್ತಿದ್ದ. ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಈಗೇನ್ ಮಾಡ್ಲಿ ಅವ್ವಾ? ಎದ್ದ ಬೆಳಿ ಕಿತ್ತು ದೂರ ದೂರ ನೆಡಾಕ ಬರ್ತೈತೇನು?"

"ಹೊಲದಾಗ ಬರೂದಿಲ್ಲವಾ. ನಿನ್ನ ಯಂತ್ರದಾಗ ಬರ್ತೈತೋ ಏನೋ ನೀನ ನೋಡು. ಕೂರಿಗಿ ಒಡದು ಹೊಸಾದು ಮಾಡಿದ್ವೇನು ನಾವು? ಹಿಂದ ಒಂದು ಕೊಳವಿ ಕಟ್ಟಿದ್ವಿ, ಆತು."

ಪುಸ್ತಕದ ಕೊನೆಯ ಪುಟಗಳಲ್ಲಿ ಯಂತ್ರದ ನೆನಪು ಹೇಗೆ ಹಂಚಿಹೋಗಿದೆ ಎಂಬ ನಕ್ಷೆಯಿತ್ತು. ತರಬೇತಿಯಲ್ಲಿ ಅದು ಬೇಡ ಎಂದು ದಾಟಿಸಿದ್ದರು. ಈಗ ನಾನು ಅದನ್ನೇ ಹಿಡಿದು ಕೂತೆ. ಪ್ರತಿ ಸಾಲಿನ ಸಂಖ್ಯೆ ನೆನಪಿನ ಎರಡು ಮನೆಗಳಲ್ಲಿ ಕೂತಿರುತ್ತದೆ, ಪಕ್ಕದ ಎರಡು ಮನೆಗಳಲ್ಲಿ ಆ ಸಾಲಿನ ಉದ್ದ ಇರುತ್ತದೆ ಎಂದು ತಿಳಿಯಿತು. ಉದ್ದ ಗೊತ್ತಾದರೆ ಮುಂದಿನ ಸಾಲಿಗೆ ಜಿಗಿಯಬಹುದು. ಜಿಗಿಯುತ್ತ ಹೋಗಿ, ಹಳೆಯ ಸಂಖ್ಯೆ ಅಳಿಸಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಹೊಸದು ಬರೆಯುತ್ತ ನಡೆಯುವ ಒಂದು ಸಣ್ಣ ಪ್ರೋಗ್ರಾಂ ಬರೆದರೆ? ಅದನ್ನು ಒಂಬತ್ತು ಸಾವಿರದಾಚೆಯ ಸಂಖ್ಯೆಯಲ್ಲಿ ಯಾವ ಪ್ರೋಗ್ರಾಮಿನ ಬಾಲಕ್ಕಾದರೂ ಕಟ್ಟಬಹುದು, ಕೆಲಸ ಮುಗಿದ ಮೇಲೆ ಬಿಚ್ಚಿ ಇಡಬಹುದು. ಎಡಿಟರಿನಲ್ಲಿ ಇಲ್ಲದ ಸೌಲಭ್ಯವನ್ನು ನಾವೇ ಹೆಣೆದಂತಾಯಿತು.

ಎರಡು ದಿನ ಕಾಗದದ ಮೇಲೆ, ಮೂರನೆಯ ದಿನ ಯಂತ್ರದ ಮೇಲೆ ಬರೆದೆ. ಹನ್ನೊಂದು ಸಾಲು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು ನಕ್ಕರು.

"ಅಕ್ಕಾರ, ಇದ್ದದ್ದ ಓಡಿದ್ರ ಸಾಕಾಗೇತಿ. ಅದಕ್ಯಾಕ ಈ ಬಾಲಂಗೋಚಿ?"

"ಬಾಲಂಗೋಚಿ ಇಲ್ಲದ ಪಟ ಗೋತಾ ಹೊಡೀತೈತ್ರಿ ಸರ," ಅಂದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಅಂದಿನಿಂದ ಆ ಹನ್ನೊಂದು ಸಾಲಿಗೆ ಬಾಲಂಗೋಚಿ ಎಂದೇ ಹೆಸರಾಯಿತು.

ಓಡಿಸಿದೆವು. ಪರದೆಯ ಮೇಲೆ ಸಾಲುಗಳು ಹತ್ತರ ಅಂತರದಲ್ಲಿ ನಿಂತಿದ್ದವು, ಕೊನೆಯದು ಸಾವಿರದ ನಾನೂರ ಮೂವತ್ತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಎಲೆತೋಟದವಳು ಗೋಪುರ ಬಿಡಿಸಲು ಆಜ್ಞೆ ಕೊಟ್ಟಳು. ಗೋಪುರದ ಅಡಿಪಾಯದ ಒಂದು ಗೆರೆ ಮೂಡಿತು, ಅಷ್ಟೇ. ಯಂತ್ರ ತಪ್ಪೆಂದು ಹೇಳಿ ನಿಂತುಬಿಟ್ಟಿತು.

ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಪ್ರೋಗ್ರಾಮಿನ ಒಳಗೆ ಅಲ್ಲಲ್ಲಿ 'ಗೋ ಟು' ಎಂಬ ಆಜ್ಞೆಗಳಿದ್ದವು. ಇಂಥ ಸಂಖ್ಯೆಯ ಸಾಲಿಗೆ ಹೋಗು ಎಂದು ಅದರ ಅರ್ಥ. ನಾವು ಮನೆಗಳ ಬಾಗಿಲ ಮೇಲಿನ ನಂಬರನ್ನಷ್ಟೇ ಬದಲಿಸಿದ್ದೆವು. ವಿಳಾಸ ಹಿಡಿದು ಬರುವವರ ಕೈಯಲ್ಲಿ ಹಳೆಯ ನಂಬರೇ ಇತ್ತು. ಸೇರಿಸುವ ಜಾಗ ಬಂತು, ಇದ್ದ ಗೋಪುರ ಹೋಯಿತು. ಅಂದು ಮಂಗಳವಾರ, ಸಾಹೇಬರು ಬರಲು ಇನ್ನು ಮೂರೇ ದಿನ.

"ಹಳೇ ನಂಬರಕ್ಕ ತಿರುಗಿ ತಗೊಂಡು ಹೋಗ್ರಿ ಅಕ್ಕಾರ," ಅಂದರು ಹೆಡ್‌ಮಾಸ್ತರರು. "ಗೋಪುರ ಆದ್ರೂ ಕಾಣಿಸ್ತೈತಿ. ಬದಲಾವಣಿ ಕೇಳಿದ್ರ ಕರೆಂಟ್ ಹೋಗೇತಿ ಅನ್ನೂಣು."

"ಹಿಂದಕ್ಕ ಹೋಗೂದಿಲ್ರಿ ಸರ."

ಧ್ವನಿ ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಭಯವಿತ್ತು, ನಾಚಿಕೆಯೂ ಇತ್ತು. ಹೆಡ್‌ಮಾಸ್ತರರು ಹೋದ ಮೇಲೆ ನಾನು ಬಾಗಿಲು ಮುಚ್ಚಿ ಹುಡುಗಿಯರ ಕಡೆ ತಿರುಗಿದೆ. "ಪುಸ್ತಕದಾಗ ಹತ್ತ ಬಿಟ್ಟು ಬರೀರಿ ಅಂತಿತ್ತು. ನಾನ ಬ್ಯಾಡ ಅಂದೆ. ತಪ್ಪು ನಂದು, ನಿಮ್ದಲ್ಲ. ಅವತ್ತು ಬೈದದ್ದೂ ತಪ್ಪು," ಅಂದೆ. ಅಕ್ಕಾರ ಬಾಯಲ್ಲಿ ಅಂಥ ಮಾತು ಅವರು ಕೇಳಿದವರಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಒಬ್ಬಳು ಕಿಟಕಿಯ ಕಡೆ ನೋಡಿದಳು.

ಬುಧವಾರ ಇನ್ನೊಂದು ಬಾಲಂಗೋಚಿ ಬರೆದೆ. ಇದು 'ಗೋ ಟು' ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ ಆ ಸಾಲುಗಳ ಸಂಖ್ಯೆಯನ್ನು ಪರದೆಯ ಮೇಲೆ ಬರೆಯುತ್ತಿತ್ತು. ಇಪ್ಪತ್ತೇಳು ಸಿಕ್ಕವು. ಈಗ ಪ್ರತಿಯೊಂದರ ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದು ಎಂದು ಒಂದು ದೊಡ್ಡ ಪಟ್ಟಿ ಮಾಡಬೇಕೆಂದು ನಾನು ಹಾಳೆಗೆ ಗೆರೆ ಹಾಕತೊಡಗಿದೆ. ಎಲೆತೋಟದವಳು ಬಗ್ಗಿ ನೋಡಿದಳು.

"ಪಟ್ಟಿ ಯಾಕ್ರಿ ಅಕ್ಕಾರ? ಎಲ್ಲಾದಕ್ಕೂ ಒಂದೊಂದು ಸೊನ್ನಿ ಹಚ್ಚಿದ್ರ ಆತಲ್ರಿ?"

ನನ್ನ ಪೆನ್ಸಿಲು ನಿಂತಿತು. ಒಂದು ಹತ್ತಾಗಿದೆ, ಎರಡು ಇಪ್ಪತ್ತಾಗಿದೆ, ಮೂವತ್ತೇಳು ಮುನ್ನೂರ ಎಪ್ಪತ್ತಾಗಿದೆ. ನಡುವೆ ಎಲ್ಲೂ ಒಂದು ಸಂಖ್ಯೆಯನ್ನೂ ಬಿಟ್ಟಿರಲಿಲ್ಲವಲ್ಲ! ಬಿಟ್ಟಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. ನನ್ನನ್ನು ಗುಂಡಿಗೆ ಹಾಕಿದ ಜಿಪುಣತನವೇ ಮೇಲೆ ಬರಲು ಏಣಿಯನ್ನೂ ಇಟ್ಟಿತ್ತು. ಗಣಿತದ ಅಕ್ಕಾರು ನಾನು, ಸೊನ್ನೆ ಕಂಡದ್ದು ಅವಳಿಗೆ. ಆ ಹುಡುಗಿಯ ಬೆನ್ನ ಮೇಲೆ ಒಂದು ಗುದ್ದು ಗುದ್ದಿದೆ. ಪ್ರೀತಿಯಿಂದಲೇ, ಆದರೆ ಸ್ವಲ್ಪ ಜೋರಾಗಿಯೇ ಬಿತ್ತು.

ಗುರುವಾರ ಬಾಂಗ್ ಕೂಗುವ ಮೊದಲು ಇಪ್ಪತ್ತೇಳು ಸೊನ್ನೆಗಳೂ ಬಿದ್ದವು. ಗೋಪುರ ಎದ್ದಿತು. ಮೆಟ್ಟಿಲುಗಳಿಗೆ ಮುನ್ನೂರ ಅರವತ್ತೊಂದರಿಂದ ಸಾಲು ಸೇರಿಸಿದರು, ಅವೂ ಬಂದವು.

ಶುಕ್ರವಾರ ಸಾಹೇಬರು ಹನ್ನೊಂದಕ್ಕೇ ಬಂದರು. ಹೆಡ್‌ಮಾಸ್ತರರು ಅವರನ್ನು ತಮ್ಮ ಕೋಣೆಯಲ್ಲಿ ಕೂರಿಸಿ ಊರಿನ ಹೆಸರಾದ ಕುರುಕಲು ಸವಣೂರ ಖಾರ ತರಿಸಿದರು, ಚಹಾ ತರಿಸಿದರು, ಮತ್ತೆ ಖಾರ ತರಿಸಿದರು. ಹನ್ನೆರಡೂವರೆಯಾದರೂ ಎಬ್ಬಿಸುವ ಲಕ್ಷಣವಿಲ್ಲ. ನಾನು ಒಳಗೆ ಹೋಗಿ, "ಸಾಹೇಬ್ರ, ಬರ್ರಿ, ಒಂದಕ್ಕ ಕರೆಂಟ್ ಹೋಗ್ತೈತಿ," ಎಂದು ಬಾಗಿಲಲ್ಲೇ ನಿಂತೆ. ಸಾಹೇಬರು ಕೈಯಲ್ಲಿದ್ದ ಖಾರವನ್ನು ಬಾಯಿಗೆ ಹಾಕಿಕೊಂಡು ಎದ್ದರು.

ಟೇಪಿನಿಂದ ಪ್ರೋಗ್ರಾಂ ಇಳಿಯಲು ಐದು ನಿಮಿಷ ಹೋಯಿತು. ಗೋಪುರ ಮೂಡಿದಾಗ ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ತಾಯಿಯೂ ಕಸೂತಿ ಹಾಕುತ್ತಿದ್ದರಂತೆ.

"ಚಲೋ ಐತಿ. ಇದರ ನೆತ್ತಿ ಮ್ಯಾಲ ಒಂದು ಕಳಸ ಇಡ್ರಿ ನೋಡೂಣು."

ಎಲೆತೋಟದವಳು ಕೂತಳು. ಐನೂರ ಹತ್ತು ಮತ್ತು ಐನೂರ ಇಪ್ಪತ್ತರ ನಡುವೆ ಮೂರು ಸಾಲು ಬರೆದಳು. 'ಎಸ್' ಅಂಟಿಕೊಂಡಿತು, ಉಗುರಿನಿಂದ ಎತ್ತಿದಳು. ಕಳಸ ಬಂತು, ಆದರೆ ಗೋಪುರದ ಪಕ್ಕಕ್ಕೆ, ಗಾಳಿಯಲ್ಲಿ ನೇತಾಡುತ್ತ. ಹೆಡ್‌ಮಾಸ್ತರರು ಗಡಿಯಾರ ನೋಡಿದರು. ನನ್ನ ಕೈ ಕೀಲಿಮಣೆಯತ್ತ ಹೋಯಿತು. ಸಾಹೇಬರು ಬೇಡವೆಂದು ಸನ್ನೆ ಮಾಡಿದರು. ಆ ಹುಡುಗಿ ಬೆರಳಿನಿಂದ ಪರದೆಯ ಮೇಲೆ ಎಳೆ ಎಣಿಸಿದ ಹಾಗೆ ಎಣಿಸಿ, ಒಂದು ಸಾಲು ತಿದ್ದಿ, ಮತ್ತೆ ಓಡಿಸಿದಳು. ಕಳಸ ನೆತ್ತಿಯ ಮೇಲೆ ಕೂತಿತು. ಅದನ್ನು ಟೇಪಿಗೆ ಉಳಿಸಿ ಮುಗಿಸುವುದಕ್ಕೂ ಬಾಂಗ್ ಕೂಗುವುದಕ್ಕೂ ಸರಿಹೋಯಿತು. ಪರದೆ ಕಪ್ಪಾಯಿತು.

"ಸಾಲಿನ ನಂಬರ ಬದಲ ಮಾಡೂದು, ಹುಡುಕೂದು, ಇವು ಈ ಯಂತ್ರದಾಗ ಇಲ್ಲಲ್ಲ. ಯಾರು ಕೊಟ್ರು?" ಎಂದು ಸಾಹೇಬರು ನನ್ನ ನೋಟ್‌ಬುಕ್ ತಿರುವುತ್ತ ಕೇಳಿದರು.

"ಯಾರೂ ಕೊಟ್ಟಿಲ್ರಿ. ನಾವ ಕಟ್ಟಿಕೊಂಡೇವಿ."

ಅವರು ಹೆಡ್‌ಮಾಸ್ತರರ ಕಡೆ ತಿರುಗಿದರು. "ಯಂತ್ರ ಇಲ್ಲೇ ಇರ್ಲಿ. ಕೀಲಿ ಅಕ್ಕಾರ ಕಡೆ ಕೊಡ್ರಿ." ಈ ಎರಡು ಬಾಲಂಗೋಚಿಗಳನ್ನು ಹಾಳೆಯಲ್ಲಿ ಬರೆಸಿಕೊಂಡೂ ಹೋದರು, ಹಾನಗಲ್ಲಿನ ಶಾಲೆಗೆ ಕೊಡಬೇಕಂತೆ, ಅಲ್ಲೂ ಇಂಥದೇ ಯಂತ್ರ ಇದೆಯಂತೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೀಲಿಯನ್ನು ಅವಳ ಮುಂದೆ ಹಿಡಿದೆ. ಸೊನ್ನೆಯ ಕತೆಯನ್ನೂ ಹೇಳಿದೆ. ಅವಳು ಹಿಟ್ಟಿನ ಕೈಯಿಂದ ಮೂಗು ಒರೆಸಿಕೊಂಡು ನಕ್ಕಳು.

"ನಿಮ್ಮಪ್ಪ ಇದ್ದಿದ್ರ, ಆ ಸೊನ್ನಿನೂ ದಂಡ ಅಂತಿದ್ದ."

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು, ಅವ್ವನಿಗೂ ಬಂತು. ಅಪ್ಪ ಜಿಪುಣನಾಗಿರಲಿಲ್ಲ. ಅವನ ಕೈಗೆ ಸಿಗುತ್ತಿದ್ದ ಕಾಗದವೇ ಅಷ್ಟು. ಹೊಲ ಸಿಕ್ಕಲ್ಲಿ ಅವನು ಸಾಲು ಬಿಟ್ಟೇ ಬಿತ್ತಿದ್ದ.

ಸೋಮವಾರ ತರಗತಿಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದೆ. ಎಲೆತೋಟದ ಹುಡುಗಿ ಪ್ರತಿ ಲೆಕ್ಕದ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಳು. ಕೆಂಪು ಪೆನ್ನು ಹಿಡಿದ ನನ್ನ ಕೈ ಅಭ್ಯಾಸದಂತೆ ಅಲ್ಲಿಗೇ ಹೋಯಿತು. ಅವಳು ಪೆನ್ನನ್ನೇ ನೋಡುತ್ತಿದ್ದಳು. ಲೆಕ್ಕಕ್ಕೆ ಸರಿ ಹಾಕಿ, ಆ ಸಾಲನ್ನು ಹಾಗೇ ಬಿಟ್ಟು, ಪುಟ ತಿರುವಿದೆ.